ಮೂರು ಸುತ್ತು ಕಣ್ಣು ಮುಚ್ಚಿ

ಆ ಬೆಳಿಗ್ಗೆ ಗಾಳಿ ಎದ್ದಿತ್ತು. ಮಳೆ ತರುವ ಗಾಳಿಯಲ್ಲ, ಧೂಳೆಬ್ಬಿಸುವ ಗಾಳಿಯೂ ಅಲ್ಲ. ಹರವಿದ ಬಟ್ಟೆಯನ್ನು ಗಳಿಗೆಯೊಳಗೆ ಒಣಗಿಸಿ, ಕಣ್ಣು ತಪ್ಪಿದರೆ ಹೊತ್ತುಕೊಂಡೇ ಹೋಗುವ ತುಂಟ ಗಾಳಿ. ಬಸ್ ನಿಲ್ದಾಣದ ತಗಡಿನ ಸೂರು ಟಪಟಪ ಅನ್ನುತ್ತಿತ್ತು. ಅದರ ಕೆಳಗೆ, ಚಹಾದಂಗಡಿಯ ಪಕ್ಕದ ಬೆಂಚಿನಲ್ಲಿ ಕೂತ ಯಂತ್ರದಕ್ಕ ಶಾಲಿನಲ್ಲಿ ಸುತ್ತಿದ್ದ ಲ್ಯಾಪ್‌ಟಾಪನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು.

ಊರೂರು ತಿರುಗಿ ಹೊಲಿಗೆ ಯಂತ್ರ ರಿಪೇರಿ ಮಾಡುವುದು ಅವಳ ಕಸುಬು. ಒಂದು ಹೆಗಲಿಗೆ ಸಲಕರಣೆಯ ಚೀಲ, ಇನ್ನೊಂದು ಹೆಗಲಿಗೆ ಲ್ಯಾಪ್‌ಟಾಪು. ಎರಡರ ಭಾರವೂ ಸಮವಾಗಿದ್ದರಿಂದಲೇ ನನ್ನ ಬೆನ್ನು ಇನ್ನೂ ನೆಟ್ಟಗಿದೆ ಎಂದು ಅವಳು ಹೇಳುವುದುಂಟು. ಇಷ್ಟು ವರ್ಷದ ತಿರುಗಾಟದಲ್ಲಿ ಅವಳು ಕಂಡುಕೊಂಡ ಸತ್ಯಗಳೂ ಕೆಲವಿದ್ದವು. ಯಾವ ನಿಲ್ದಾಣಕ್ಕೆ ಹೋದರೂ ಪ್ಲಗ್ಗು ಚಾರ್ಜರಿನ ತಂತಿಗಿಂತ ಒಂದು ಗೇಣು ದೂರದಲ್ಲೇ ಇರುತ್ತದೆ. ವೈಫೈ ಪಾಸ್‌ವರ್ಡ್ ಕೇಳುವುದು ದಾರಿಹೋಕರು ಕುಡಿಯಲು ನೀರು ಕೇಳಿದ ಹಾಗೆ. ಕೊಡುವವರ ಮುಖದಲ್ಲೇ ಆ ಮನೆಯ ಗುಣ ಗೊತ್ತಾಗಿಬಿಡುತ್ತದೆ. ಇನ್ನು ಲ್ಯಾಪ್‌ಟಾಪು ತಾನಾಗಿ ನಿಂತರೆ ಬೈಯಬಾರದು. ಮುಚ್ಚಿಟ್ಟು ಒಂದು ಲೋಟ ಚಹಾ ಕುಡಿದು ಬಂದರೆ ಅರ್ಧ ಕಾಯಿಲೆ ವಾಸಿ, ಮನುಷ್ಯರದ್ದೂ ಅಷ್ಟೇ.

ಹನ್ನೊಂದು ವರ್ಷದಿಂದ ಅವಳು ದಿನ ಬೆಳಗಾದರೆ ಹೀಗೆ ಕೂತು ಬರೆಯುತ್ತಿದ್ದಳು. ಹೊಸ ತೊಂದರೆಯೊಂದನ್ನು ಬಿಡಿಸಿದರೆ ಅದಕ್ಕೊಂದು ಪುಟ: ಯಂತ್ರಕ್ಕೆ ಏನಾಗಿತ್ತು, ಎಲ್ಲಿ ಕಿವಿಗೊಟ್ಟೆ, ಯಾವ ತಿರುಪು ಎಷ್ಟು ತಿರುಗಿಸಿದೆ, ಜೊತೆಗೊಂದು ಚಿತ್ರ. ಯಾವುದೋ ಕಂಪನಿ ಪುಕ್ಕಟೆಯಾಗಿ ಕೊಟ್ಟ ಜಾಗದಲ್ಲಿ, ನೇರವಾಗಿ ಜಾಲದಲ್ಲೇ ಬರೆಯುತ್ತಿದ್ದಳು. ಹೆಸರು ಹಾಕಿರಲಿಲ್ಲ. ಪುಟದ ತುದಿಯಲ್ಲಿ ‘ದೇವರ ದಯೆ, ಅಕ್ಕ’ ಅಂತಷ್ಟೇ. ಹಾಗೆ ಕೂಡಿದ ಪುಟಗಳು ನಾನೂರ ಹನ್ನೆರಡು. ಮಕ್ಕಳಿಲ್ಲದ ಅವಳಿಗೆ, ತಾನು ಹೋದ ಮೇಲೂ ಉಳಿಯುವುದು ಅಂತಿದ್ದರೆ ಅದೊಂದೇ.

ಇವತ್ತು ಆ ಜಾಗ ತೆರೆದರೆ ಬಿಳಿ ಪರದೆ. ನಡುವೆ ಒಂದೇ ಸಾಲು: ಈ ಸೇವೆ ನಿನ್ನೆಗೆ ಮುಗಿದಿದೆ, ಪುಟಗಳನ್ನು ಅಳಿಸಲಾಗಿದೆ.

ಎಚ್ಚರಿಕೆಯ ಪತ್ರಗಳು ಬಂದಿರಲೇಬೇಕು, ಅವಳು ಪಾಸ್‌ವರ್ಡ್ ಮರೆತು ಕೈಬಿಟ್ಟ ಹಳೆಯ ಇಮೇಲಿಗೆ. ಆದರೂ ಅವಳ ಎದೆ ಹೊಡೆದುಕೊಳ್ಳಲಿಲ್ಲ. ತಿಂಗಳಿಗೊಮ್ಮೆ ತಪ್ಪದೆ ಪ್ರತಿ ಪುಟವನ್ನೂ ಪೆನ್‌ಡ್ರೈವಿಗೆ ಹಾಕಿಟ್ಟಿದ್ದಳಲ್ಲ. ಬ್ರೌಸರಿನಲ್ಲಿ ವಿಳಾಸದ ಪಕ್ಕದ ಪುಟಾಣಿ ಚಿತ್ರವನ್ನು ಹಿಡಿದೆಳೆದು ಅದರೊಳಗೆ ಬಿಟ್ಟರೆ ಪುಟದ ಹೆಸರು ಹೊತ್ತ ಗುರುತೊಂದು ಬಂದು ಕೂರುತ್ತಿತ್ತು. ಪೆನ್‌ಡ್ರೈವ್ ತೂರಿಸಿದಳು. ನಾನೂರ ಹನ್ನೆರಡು ಗುರುತುಗಳೂ ಶಿಸ್ತಾಗಿ ಸಾಲುಗಟ್ಟಿದ್ದವು. ಮೊದಲನೆಯದನ್ನು ಒತ್ತಿದಳು. ಬಿಳಿ ಪರದೆ, ಅದೇ ಒಂದು ಸಾಲು. ಎರಡನೆಯದು. ನೂರನೆಯದು. ಕೊನೆಯದು.

ಆಗ ಅರ್ಥವಾಯಿತು. ಹನ್ನೊಂದು ವರ್ಷ ಅವಳು ಜೋಪಾನ ಮಾಡಿದ್ದು ಪುಟಗಳನ್ನಲ್ಲ, ಪುಟಗಳ ವಿಳಾಸಗಳನ್ನು. ಮನೆಯನ್ನು ಬಿಟ್ಟು ಬಾಗಿಲ ಮೇಲಿನ ವಿಳಾಸದ ಹಲಗೆಯನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಂತಾಗಿತ್ತು.

ತಂಗಿಗೆ ಫೋನು ಮಾಡಿದಳು.

“ಕನ್ನಡಕ ಹಾಕ್ಕೊಂಡು ನೋಡಿದ್ಯೇನೇ?” ಅಂದಳು ತಂಗಿ.

“ಹಾಕ್ಕೊಂಡೂ ನೋಡಿದೆ, ತೆಗೆದೂ ನೋಡಿದೆ. ಎಲ್ಲಾ ಹೋಯ್ತು ಕಣೆ.”

“ಊರಿನವರ ಮಿಷನ್ನೆಲ್ಲ ಬಿಚ್ಚಿ ಜೋಡಿಸ್ತೀಯ, ಒಂದು ನಕಲು ಇಡೋಕೆ ಬರಲಿಲ್ವಾ ನಿಂಗೆ?” ಎಂದ ತಂಗಿ ಆಮೇಲೆ ದನಿ ಇಳಿಸಿದಳು. “ಓದಿದವರು ಯಾರಾದ್ರೂ ಇಟ್ಕೊಂಡಿರ್ತಾರೆ, ಬಿಡು.”

“ಯಾರು ಓದ್ತಿದ್ರು? ದಿನಕ್ಕೆ ಮೂರು ಜನ. ಅದರಲ್ಲಿ ಒಬ್ಬಳು ನಾನೇ.”

ಬಸ್ಸು ಬಂತು. ಕಿಟಕಿಯ ಪಕ್ಕ ಕೂತು ಅವಳು ಮನಸ್ಸಿನಲ್ಲೇ ಪುಟಗಳನ್ನು ತಿರುವಿ ನೋಡಲು ಹೊರಟಳು. ಮೂವತ್ತರವರೆಗೆ ನೆನಪಾದವು. ಮುಂದೆ ಮಂಜು. ಕೊಟ್ಟವನೂ ನೀನೇ, ಕಿತ್ತುಕೊಂಡವನೂ ನೀನೇ ಎಂದುಕೊಳ್ಳಲು ನೋಡಿದಳು; ಆ ಮಾತು ಅವಳಿಗೇ ಒಪ್ಪಿಗೆಯಾಗಲಿಲ್ಲ. ತಪ್ಪು ದೇವರದ್ದಲ್ಲ, ತನ್ನ ಬೆರಳಿನದು ಎಂದು ಅವಳಿಗೆ ಗೊತ್ತಿತ್ತು.

ಅವತ್ತು ಅವಳನ್ನು ಕರೆಸಿದ್ದು ಇಪ್ಪತ್ತು ಯಂತ್ರಗಳ ಒಂದು ಹೊಲಿಗೆ ಶಾಲೆ. ಅಲ್ಲಿಗೆ ಅವಳು ಹೋಗುತ್ತಿದ್ದುದು ಅದೇ ಮೊದಲು. ಅಲ್ಲಿನ ಮೇಸ್ತ್ರಿಯಮ್ಮ ಫೋನಿನಲ್ಲಿ ಹೇಳಿದ್ದಿಷ್ಟು: ನಮ್ಮಲ್ಲೇ ಫಿಟ್ಟರ್ ಇದ್ದಾನೆ, ಕೈ ಚೆನ್ನಾಗಿದೆ, ಆದರೆ ಒಂದು ಯಂತ್ರ ಮಾತ್ರ ಅವನಿಗೂ ಬಗ್ಗುತ್ತಿಲ್ಲ.

ಉದ್ದನೆಯ ಹಜಾರ. ಎತ್ತರದ ಕಿಟಕಿಗಳು, ಎರಡು ಸಾಲು ಯಂತ್ರ, ನೆಲದ ತುಂಬ ಬಣ್ಣಬಣ್ಣದ ದಾರದ ತುಣುಕು. ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಕೆಲಸದ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಹೆಂಗಸರು ತಂತಮ್ಮ ಯಂತ್ರದ ಮುಂದೆ ಕೂತರು. ಯಾರೂ ಸ್ವಿಚ್ಚು ಒತ್ತಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದರು. ಬಲಗೈಯಿಂದ ಚಕ್ರವನ್ನು ನಿಧಾನವಾಗಿ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ತಿರುಗಿಸಿದರು. ಆಮೇಲೆ ಕಣ್ಣು ತೆರೆದು ಹೊಲಿಗೆ ಶುರು ಮಾಡಿದರು.

ಯಂತ್ರದಕ್ಕ ನಿಂತಲ್ಲೇ ನಿಂತಳು.

“ಇದೇನು ತಾಯಿ, ಕಣ್ಣು ಮುಚ್ಚೋದು?” ಎಂದು ಮೇಸ್ತ್ರಿಯಮ್ಮನನ್ನು ಕೇಳಿದಳು.

“ಅದು ರೂಲ್ಸು. ಮೂರು ಸುತ್ತು ಕಣ್ಣು ಮುಚ್ಚಿ ತಿರುಗಿಸಿದ್ರೆ ಎಣ್ಣೆ ಸರಿಯಾಗಿ ಕೂರುತ್ತಂತೆ. ತೆರೆದು ತಿರುಗಿಸಿದ್ರೆ ಕೂರಲ್ವಂತೆ.”

“ಎಣ್ಣೆಗೆ ನಾಚಿಕೆ ಆಗುತ್ತೆ,” ಎಂದಳು ಹತ್ತಿರದ ಯಂತ್ರದವಳು ಹೊಲಿಗೆ ನಿಲ್ಲಿಸದೆ.

“ನೀನು ಸುಮ್ನಿರು. ಫಿಟ್ಟರ್ ಪುಸ್ತಕದಲ್ಲಿದೆ ಅದು. ಮೊದಲನೇ ಪುಟದಲ್ಲೇ ಇದೆ.”

ಮೊದಲನೇ ಪುಟದಲ್ಲೇ ಇತ್ತು, ನಿಜ. ಹನ್ನೊಂದು ವರ್ಷದ ಹಿಂದೆ ಅವಳೇ ಬರೆದಿದ್ದಳು. ಯಾವ ಯಂತ್ರ ಮುಟ್ಟುವ ಮೊದಲೂ ಅವಳು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದಳು. ನೆನೆದು ಮುಗಿಯುವಷ್ಟರಲ್ಲಿ ಚಕ್ರ ಮೂರು ಸುತ್ತು ತಿರುಗುತ್ತಿತ್ತು. ಪ್ರಾರ್ಥನೆಯ ಮಾತು ಬರೆಯಲು ಸಂಕೋಚವಾಗಿ, ‘ಕಣ್ಣು ಮುಚ್ಚಿ ಮೂರು ಸುತ್ತು ತಿರುಗಿಸಿ’ ಎಂದಷ್ಟೇ ಬರೆದು ಬಿಟ್ಟಿದ್ದಳು.

ಫಿಟ್ಟರ್ ಬಂದ. ನಲವತ್ತರ ಆಸುಪಾಸಿನವ, ಮೀಸೆಗೂ ಎಣ್ಣೆ, ಕೈಗೂ ಎಣ್ಣೆ. ಕಂಕುಳಲ್ಲಿ ಇಟ್ಟಿಗೆ ದಪ್ಪದ ಪುಸ್ತಕ, ರಟ್ಟಿಗೆ ಅಂಟಿಸಿದ ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ಅವನ ಹೆಸರು.

“ಪುಸ್ತಕದಲ್ಲಿರೋದೆಲ್ಲ ಮಾಡಿ ನೋಡಿದೆ ಅಕ್ಕ. ಸೂಜಿಗೂ ಕೊಕ್ಕೆಗೂ ನಡುವೆ ಒಂದು ಕೂದಲು ಹೋಗಬೇಕು, ಎರಡು ಹೋಗಬಾರದು. ಅಳತೆ ಸರಿಯಾಗೇ ಇದೆ. ಆದ್ರೂ ಹೊಲಿಗೆ ಬಿಟ್ಟುಬಿಟ್ಟು ಬೀಳ್ತದೆ.”

ಕೂದಲಿನ ಮಾತೂ ಅವಳದೇ. ತನ್ನ ಬಾಯಿಯ ಮಾತು ಇನ್ನೊಬ್ಬರ ಮೀಸೆಯ ಕೆಳಗಿಂದ ಬರುವುದನ್ನು ಕೇಳಿ ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಕಣ್ಣು ತುಂಬಿತು. ಎರಡರಲ್ಲಿ ಯಾವುದಕ್ಕೆ ಜಾಗ ಕೊಡುವುದೆಂದು ತಿಳಿಯದೆ ಅವಳು ನೇರ ಯಂತ್ರದ ಹತ್ತಿರ ಹೋಗಿ ಕೂತಳು. ಕಣ್ಣು ಮುಚ್ಚಿ ಚಕ್ರ ತಿರುಗಿಸಿದಳು. ಮೂರು ಸುತ್ತು. ಕೆಳಗೆಲ್ಲೋ ಇರುವೆ ಕೆಮ್ಮಿದಷ್ಟು ಸಣ್ಣ ಸದ್ದು.

“ಕೈಯಲ್ಲಿ ತಿರುಗಿಸಿದಾಗ ಅಳತೆ ಸರಿ ಇರುತ್ತಪ್ಪ,” ಎಂದಳು. “ವೇಗ ಬಂದಾಗ ಕೊಕ್ಕೆ ಜಾರ್ತಾ ಇದೆ. ಅದರ ಕೆಳಗಿನ ತಿರುಪು ನೋಡು, ಹಲ್ಲು ಸವೆದಿದೆ.”

ಚೀಲದಿಂದ ಹೊಸ ತಿರುಪು ತೆಗೆದು ಹಾಕಿದಳು. ಕೊಕ್ಕೆಯನ್ನು ಕೂದಲಿನಷ್ಟು ಸರಿಸಿ ಬಿಗಿದಳು. ಬಟ್ಟೆಯ ತುಂಡೊಂದನ್ನು ಒಳಗಿಟ್ಟು ಪೂರ್ತಿ ವೇಗದಲ್ಲಿ ಓಡಿಸಿದಳು. ಒಂದು ಹೊಲಿಗೆಯೂ ತಪ್ಪಲಿಲ್ಲ. ಇಪ್ಪತ್ತನೆಯ ಯಂತ್ರದ ಸದ್ದು ಉಳಿದ ಹತ್ತೊಂಬತ್ತರ ಜೊತೆ ಸೇರಿದಾಗ ಹಜಾರವೇ ಒಂದು ಉಸಿರು ದೀರ್ಘವಾಗಿ ಬಿಟ್ಟಂತಾಯಿತು.

“ಇದು ಪುಸ್ತಕದಲ್ಲಿ ಇರಲಿಲ್ವಲ್ಲ,” ಎಂದ ಫಿಟ್ಟರ್.

“ಹೇಗಿರುತ್ತೆ? ನಾನಿನ್ನೂ ಬರೆದಿಲ್ಲ.”

ಅವಳು ಅದನ್ನು ಹೇಳಿದ್ದು ಮೆಲ್ಲಗೆ. ಆದರೆ ಮೇಸ್ತ್ರಿಯಮ್ಮನ ಕಿವಿ ಚುರುಕು. ಪುಸ್ತಕ ಕಿತ್ತುಕೊಂಡು ಕೊನೆಯ ಹಾಳೆ ತಿರುವಿದಳು. ಅಲ್ಲಿ ‘ದೇವರ ದಯೆ’ ಎಂದಿತ್ತು, ಮುಂದಿನ ‘ಅಕ್ಕ’ ಮಾತ್ರ ಇರಲಿಲ್ಲ. “ಅಲ್ಲಯ್ಯಾ,” ಎಂದಳು, “ನೀನು ಸಂತೆಗೆ ಬೇಕಾದ ಚೀಟಿನೇ ನೆಟ್ಟಗೆ ಬರೆಯಲ್ಲ. ಇಷ್ಟು ದಪ್ಪ ಪುಸ್ತಕ ಯಾವಾಗ ಬರೆದೆ ಅಂತ ನಂಗೆ ಅವತ್ತೇ ಅನುಮಾನ.” ಹೆಂಗಸರು ನಕ್ಕರು. ಫಿಟ್ಟರ್ ತಲೆ ಎತ್ತಲಿಲ್ಲ.

“ನಗಬೇಡಿ,” ಎಂದಳು ಯಂತ್ರದಕ್ಕ. ಅವನ ಕಡೆ ತಿರುಗಿ ಒಂದೇ ಮಾತು ಕೇಳಿದಳು. “ಎಷ್ಟು ಪುಟ ಇಳಿಸ್ಕೊಂಡೆಯಪ್ಪಾ?”

“ಎಲ್ಲಾ,” ಎಂದ ಅವನು. “ಇಲ್ಲಿ ನೆಟ್ ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ. ಅದಕ್ಕೇ ಬಂದ ದಿನವೇ ಇಳಿಸಿ ಇಡ್ತಿದ್ದೆ. ಚಿತ್ರ ಸಮೇತ. ಹೋದ ವಾರದ್ದೂ ಇದೆ.”

“ನನ್ನ ಹತ್ತಿರ ಒಂದೂ ಇಲ್ಲ. ನಿನ್ನೆ ಎಲ್ಲಾ ಅಳಿಸಿಹೋಯ್ತು.”

ಅವನು ಅವಳ ಮುಖವನ್ನೇ ನೋಡಿದ. ಚಪ್ಪಲಿ ಮೆಟ್ಟಿಕೊಂಡು ಗಾಳಿಯಲ್ಲೇ ಮನೆಯ ಕಡೆ ಹೊರಟುಹೋದ.

ಅವನು ಬರುವವರೆಗೆ ಹೆಂಗಸರು ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಒಬ್ಬಳು ನೂರ ಏಳನೆಯ ಪುಟ ಓದಿ ಅಮ್ಮನ ಹಳೆಯ ಯಂತ್ರ ಎಬ್ಬಿಸಿದ್ದಳಂತೆ. ಇನ್ನೊಬ್ಬಳಿಗೆ ಕೂದಲಿನ ಅಳತೆ ಬಾಯಿಪಾಠ. ಫಿಟ್ಟರ್ ಕಲಿಸಿದ ಇನ್ನೂ ಆರು ಊರಿನ ಹಜಾರಗಳಲ್ಲಿ ಬೆಳಗಾದರೆ ಹೀಗೇ ಕಣ್ಣು ಮುಚ್ಚುತ್ತಾರಂತೆ. ಆರು ಊರು. ದಿನಕ್ಕೆ ಮೂರೇ ಜನ ಎಂದು ಎಣಿಸಿ ತೋರಿಸುತ್ತಿದ್ದ ಆ ಪರದೆಗೆ ಇವರು ಯಾರೂ ಕಂಡಿರಲಿಲ್ಲ. ಸಂಕೋಚಪಟ್ಟು ಬರೆಯದೆ ಬಿಟ್ಟ ಪ್ರಾರ್ಥನೆ ಅಷ್ಟು ಕೈಗಳಲ್ಲಿ ತಿರುಗುತ್ತಿದೆಯೆಂದರೆ, ಅದು ತಲುಪಬೇಕಾದವನಿಗೆ ತಲುಪಿಯೇ ಇರಬೇಕು. ಎಣ್ಣೆಯ ವಿಷಯವನ್ನು ತಿದ್ದಿ ಹೇಳಲೇ ಎಂದು ಒಂದು ಕ್ಷಣ ಯೋಚಿಸಿದಳು. ಬೇಡ ಎನ್ನಿಸಿತು.

ಫಿಟ್ಟರ್ ಬೆವರುತ್ತ ಬಂದ. ಬಟ್ಟೆಯಲ್ಲಿ ಸುತ್ತಿದ ಹಾರ್ಡ್‌ಡಿಸ್ಕ್ ಒಂದನ್ನು ಅವಳ ಮುಂದಿಟ್ಟ. ಆಮೇಲೆ ಪುಸ್ತಕ ಕೈಗೆತ್ತಿಕೊಂಡ. ರಟ್ಟಿನ ಮೇಲಿದ್ದ ತನ್ನ ಹೆಸರಿನ ಚೀಟಿಯನ್ನು ಉಗುರಿನಿಂದ ಮೂಲೆ ಎಬ್ಬಿಸಿ, ಹರಿಯದಂತೆ ನಿಧಾನವಾಗಿ ಸುಲಿದು ಜೇಬಿಗೆ ಹಾಕಿಕೊಂಡ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಆ ಖಾಲಿ ಜಾಗದಲ್ಲಿ ‘ಅಕ್ಕ’ ಎಂದು ಬರೆದ. ಬರೆದು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ.