ಜಗಲಿಯ ಮೇಲೆ ಹತ್ತಿದ ಗೆರೆ

೧

ಎಲ್ಲಿಂದ ಶುರುಮಾಡಲಿ? ಕೆಸರಿನಿಂದ ಎಂದುಕೊಂಡೆ. ೧೯೫೬ರ ಮಳೆಗಾಲ, ಪಿರಿಯಾಪಟ್ಟಣದ ಒಂದು ಬೀದಿ, ಬೀದಿಯ ಬಾಯಲ್ಲೇ ಅಚ್ಚಿನವರೆಗೆ ಹೂತುಹೋದ ಹೊಗೆಸೊಪ್ಪಿನ ಗಾಡಿ. ಎರಡು ಪುಟ ಬರೆದೆ. ಕೆಸರು ಚೆನ್ನಾಗಿ ಬಂತು, ಮನುಷ್ಯರು ಬರಲಿಲ್ಲ. ಹರಿದು ಹಾಕಿದೆ.

(ಗಾಡಿ ಮಾತ್ರ ಇನ್ನೂ ಅಲ್ಲೇ ಇದೆ. ಎತ್ತುಗಳನ್ನು ಬಿಚ್ಚಿ ಕಳಿಸಿದ್ದೇನೆ.)

೨

ಸರಿ, ಶಿವನಂಜಮ್ಮನಿಂದ ಶುರುಮಾಡೋಣ. ಅವಳೂ ಅವಳ ಗಂಡ ಕಂಠಪ್ಪನೂ ಮಾತು ಬಿಟ್ಟು ಹನ್ನೊಂದು ವರ್ಷ. ಮನೆಯೊಳಗೆ ಒಂದು ಸೊಲ್ಲಿಲ್ಲ. ಆದರೆ ಸಂಜೆಯಾಯಿತೆಂದರೆ ಇಬ್ಬರೂ ಬೀದಿಗೆ ಚಾಚಿದ ಜಗಲಿಗೆ ಬಂದು ಕೂರುತ್ತಾರೆ. ಆ ತುದಿಗೆ ಅವನು, ಈ ತುದಿಗೆ ಅವಳು, ನಡುವೆ ಒಂದು ಕಂಬ. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಬೀದಿಯಲ್ಲಿ ಹೋಗುವವರಿಗೆ ಹೇಳುತ್ತಾರೆ. ಹೆಚ್ಚಾಗಿ ಸಿಕ್ಕಿಬೀಳುವವನು ಎದುರು ಮನೆಯ ಚಲುವಯ್ಯ.

"ಲೇ ಚಲುವಯ್ಯ, ನಾಳಿಕ್ಕೆ ರಾವಂದೂರಿಗೆ ಓಗ್ತೀನಿ ಕಣ್ಲಾ. ಬುತ್ತಿ ಕಟ್ಟೋರು ಕಟ್ಟಿದ್ರೆ ಆಗೋದು."

"ರೊಟ್ಟಿ ಸಾಕಾ, ಮುದ್ದೆನೂ ಬೇಕಾ, ಕೇಳು ಚಲುವಯ್ಯ" ಎಂದು ಈ ತುದಿಯಿಂದ ಶಿವನಂಜಮ್ಮ.

"ಕೇಳಿಸ್ತಾ ಕಂಠಣ್ಣ?"

"ರೊಟ್ಟಿ ಸಾಕು ಅನ್ಲಾ."

"ನಾನೇನು ಟಪಾಲಿನೋನಾ? ನನಗೂ ಎರಡು ರೊಟ್ಟಿ ತಟ್ಟು ಅತ್ತಿಗಮ್ಮ, ಸಂಬಳ ಅಂತ."

ಇವರು ಮಾತು ಬಿಟ್ಟಿದ್ದಾದರೂ ಯಾಕೆ? ಶಿವನಂಜಮ್ಮನನ್ನೇ ಕೇಳಿದೆ.

"ರಸ್ತೆ ಕತೆ ಬರೀತೀನಿ ಅಂತ ಬಂದು ನಮ್ಮ ಒಲೆ ಯಾಕಪ್ಪ ಕೆದಕ್ತೀಯಾ? ಬಿ.ಎ. ಓದಿರೋನು, ನಿಂಗೇ ಗೊತ್ತಿರ್ಬೇಕು."

ನನಗೆ ಗೊತ್ತಿಲ್ಲ. (ಇಲ್ಲಿ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದೇನೆ. ಗೊತ್ತಾದರೆ ತುಂಬುತ್ತೇನೆ.)

೨ (ಮತ್ತೊಮ್ಮೆ. ರಸ್ತೆ ಮರೆತೇ ಹೋಗಿತ್ತು.)

ಬೀದಿಗೆ ಕಲ್ಲು ಹಾಸಿ, ಎರಡು ಬದಿಗೂ ಚರಂಡಿ ಮಾಡಿಸಿಕೊಡಿ ಎಂದು ಬೀದಿಯವರೆಲ್ಲ ಅರ್ಜಿ ಕೊಟ್ಟರು. ಮೊದಲ ರುಜು ಕಂಠಪ್ಪನದು. ಓವರ್‌ಸಿಯರ್ ಬಂದರು, ಟೇಪು ಹಿಡಿಸಿದರು, ಸುಣ್ಣದ ಪುಡಿಯಲ್ಲಿ ಬೀದಿಯುದ್ದಕ್ಕೂ ನೆಟ್ಟಗೆ ಒಂದು ಗೆರೆ ಎಳೆಸಿದರು.

"ಗೆರೆಯಿಂದ ಈಚೆಗಿರೋದೆಲ್ಲ ಹೋಗ್ಬೇಕು. ನಾಳೆ ಬೆಳಗ್ಗೆ ಆಳುಗಳು ಬರ್ತಾರೆ."

ಗೆರೆ ಕಂಠಪ್ಪನ ಜಗಲಿಯ ಮೇಲೇ ಹತ್ತಿತ್ತು, ಕಂಬದ ಹಿಂದೆ, ಗೋಡೆಗೆ ಒಂದು ಗೇಣು ಬಿಟ್ಟು.

"ಕೆಸರು ಓದ್ರೆ ಸಾಕು ಅಂತಿದ್ದೋ, ಕೂರೋ ಜಾಗಾನೇ ಓಯ್ತಲ್ಲ ಕಂಠಣ್ಣ!" ಎಂದ ಚಲುವಯ್ಯ. "ರುಜು ಆಕೋವಾಗ ನಮ್ಮನೆ ಬುಟ್ಟು ಅಂತ ಬರೀಬೇಕಿತ್ತು ಕಣ."

ಅಂದು ಸಂಜೆ ಚಲುವಯ್ಯ ಜಗಲಿಯ ಮುಂದೆ ಎಷ್ಟು ಹೊತ್ತು ನಿಂತರೂ ಇಬ್ಬರೂ ಅವನ ಕೈಗೆ ಒಂದು ಮಾತನ್ನೂ ಕೊಡಲಿಲ್ಲ. ಶಿವನಂಜಮ್ಮ ಕಂಬ ನೋಡುತ್ತ ಕೂತಿದ್ದಳು. ಇದು ಹೋದರೆ ಇನ್ನು ಒಳಗೇ. ರೊಟ್ಟಿಯೋ ಮುದ್ದೆಯೋ ಎಂದು ಯಾರ ಕೈಲಿ ಕೇಳಿಸುವುದು? ಜ್ವರ ಬಂದರೆ ಯಾರಿಗೆ ಹೇಳಿದಂತೆ ಮಾಡಿ ಅವನಿಗೆ ಹೇಳುವುದು?

೪

(ಮೂರನ್ನು ಹುಡುಕಬೇಡಿ. ಅದರಲ್ಲಿ ಓವರ್‌ಸಿಯರ್ ಮನಸ್ಸು ಕರಗಿ ಜಗಲಿ ಉಳಿಸಿಬಿಟ್ಟರು. ನನಗೇ ನಂಬಿಕೆ ಬರಲಿಲ್ಲ.)

ಬೆಳಗ್ಗೆ ಶಿವನಂಜಮ್ಮ ಎಂದಿನಂತೆ ಸಗಣಿ ನೀರಿನ ಬಿಂದಿಗೆ ಹಿಡಿದು ಬಾಗಿಲಿಗೆ ಬಂದಳು. ಜಗಲಿ ಸಾರಿಸಿದರೆ ಗೆರೆ ಅಳಿಸಿಹೋಗುತ್ತದೆ. ಅಳಿಸಿದರೆ ತಪ್ಪಾ? ದಿನಾ ಸಾರಿಸುವವಳು ಒಂದು ದಿನ ಬಿಟ್ಟರೆ ಅದೂ ತಪ್ಪಲ್ಲವೇ? ಹೀಗೆ ಯೋಚಿಸುತ್ತ ನೋಡಿದರೆ, ಜಗಲಿಯ ಮೇಲೆ ಗೆರೆಯೇ ಇಲ್ಲ. ಪಕ್ಕದ ಮನೆಯವರೆಗೆ ನೆಟ್ಟಗೆ ಬಂದದ್ದು ಇವಳ ಮನೆಯ ಹತ್ತಿರ ಬೀದಿಗಿಳಿದು, ಜಗಲಿಯನ್ನು ಬಳಸಿಕೊಂಡು, ಆಚೆ ಮತ್ತೆ ಮೇಲೆ ಹತ್ತಿತ್ತು. ಕತ್ತಲಲ್ಲಿ ಎಳೆದ ಹಾಗೆ ಡೊಂಕಾಗಿತ್ತು.

"ರಂಗೋಲಿ ಬಿಡೋವಾಗ ನೀವೇ ತಿದ್ದಿದ್ರಿ ಅಂತ ಬರೀಲಾ?" ಎಂದೆ.

"ಸುಳ್ಳು ಬರೀಬ್ಯಾಡ. ನನ್ನ ಎಳೆ ಎಂದೂ ಡೊಂಕಾಗಿಲ್ಲ."

ಕಂಠಪ್ಪ ಆಗಲೇ ತನ್ನ ತುದಿಯಲ್ಲಿ ಕೂತಿದ್ದ. ಬಲಗೈ ಬೆರಳುಗಳು ಬೆಳ್ಳಗಿದ್ದವು. ಆಗತಾನೆ ವಿಭೂತಿ ಇಟ್ಟುಕೊಂಡಿದ್ದ. ತೊಡೆಯ ಪಕ್ಕ ಎಲೆಯಡಿಕೆ ಚೀಲ, ಸುಣ್ಣದ ಡಬ್ಬಿ. ಯಾವ ಬಿಳುಪು ಯಾವುದರದ್ದೆಂದು ಅವಳು ಹೇಗೆ ಹೇಳಬೇಕು? ನಾನು ಹೇಗೆ ಹೇಳಲಿ?

೫, ಅಥವಾ ಎರಡು ಮುಕ್ತಾಯಗಳು

ಒಂದು: ಆಳುಗಳು ಡೊಂಕು ಗೆರೆಯನ್ನೇ ನಂಬಿ ಅಗೆದರು. ಬೀದಿಗೆ ಒಂದು ಸೊಂಟ ಬಂತು.

ಇನ್ನೊಂದು: "ಯಾರ್ರೀ ಇದನ್ನ ಎಳೆದೋರು?" ಎಂದು ಓವರ್‌ಸಿಯರ್ ಗೆರೆಯನ್ನು ನೆಟ್ಟಗೆ ಮಾಡಿಸಿದರು. ಮಧ್ಯಾಹ್ನಕ್ಕೆ ಕಂಬ ಬಿತ್ತು.

"ಮೊದಲನೇದೇ ಇರ್ಲಿ ಬುಡು, ನನ್ನ ಎರಡು ರೊಟ್ಟಿ ಪ್ರಶ್ನೆ" ಎಂದು ತನ್ನ ಮನೆಯೊಳಗಿನಿಂದಲೇ ಕೂಗಿದ ಚಲುವಯ್ಯ. ನನಗೆ ಯಾವುದೂ ಕೈಗೆ ಬರುತ್ತಿಲ್ಲ. ಆಳುಗಳು ಬೀದಿಯ ಬಾಯಿಗೆ ಬಂದಿದ್ದಾರೆ. ಹೂತ ಗಾಡಿ ದಾರಿಗೆ ಅಡ್ಡವಾಗಿದೆ. ಎತ್ತು ಬಿಚ್ಚಿ ಕಳಿಸಿದ್ದು ಒಳ್ಳೆಯದೇ ಆಯಿತು.

ಅಷ್ಟು ಹೊತ್ತು ಸಿಕ್ಕಿದೆ. ಶಿವನಂಜಮ್ಮ ಬಿಂದಿಗೆ ಕೆಳಗಿಟ್ಟಳು. ಅವನ ಬೆರಳುಗಳನ್ನೇ ನೋಡಿದಳು.

"ಸುಣ್ಣ ಜಾಸ್ತಿ ಆಗೈತೆ. ಬಾಯಿ ಸುಟ್ಟೀತು."

ಜಗಲಿಯ ಮುಂದೆ ಯಾರೂ ಇರಲಿಲ್ಲ. ಕಂಬಕ್ಕೆ ಹೇಳಿದಳೇ? ಕಂಠಪ್ಪ ಬೀದಿಯ ಆ ಕೊನೆ ನೋಡಿದ, ಈ ಕೊನೆ ನೋಡಿದ, ಜವಾಬು ಹೇಳಿಕಳಿಸಲು ಯಾರಾದರೂ ಸಿಗುತ್ತಾರೇನೋ ಎಂದು. ಆಳುಗಳೆಲ್ಲ ದೂರದಲ್ಲಿ ಗಾಡಿಯ ಸುತ್ತ; ಹತ್ತಿರದಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಅವನು ನನ್ನ ಕಡೆಗೆ ತಿರುಗಿ ಬಾಯಿ ತೆರೆದ.

ನಾನು ಸರಕ್ಕನೆ ಪುಟದಿಂದಾಚೆ ಸರಿದುಕೊಂಡೆ.