ಚನ್ನವ್ವನ ಓಣಿ, ಕಾರ್ಡಿನ ಹದ

ಸವದತ್ತಿಯ ಚನ್ನವ್ವ ದಿನಾ ಸಂಜೆ ತವರಿಗೆ ಹೋಗುತ್ತಿದ್ದಳು. ಬಸ್ಸು ಬೇಕಿರಲಿಲ್ಲ, ಕಂಪ್ಯೂಟರಿನ ಮುಂದೆ ಕೂತರೆ ಸಾಕಿತ್ತು. ಅವಳು ಹುಟ್ಟಿದ ಊರು ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ಕಾಲವಾಗಿತ್ತು. ಆ ಊರಿನ ಓಣಿ, ಬೇವಿನಮರ, ಬಾವಿಕಟ್ಟೆ ಎಲ್ಲವನ್ನೂ ಅಜ್ಜಿ ಹೇಳಿದ ಹಾಗೆ ಮೊಮ್ಮಗಳು ಐಶ್ವರ್ಯಾ ಕಂಪ್ಯೂಟರಿನಲ್ಲಿ ಕಟ್ಟಿದ್ದಳು. ಗುಂಡಿ ಒತ್ತಿದರೆ ಓಣಿಯಲ್ಲಿ ನಡೆದುಕೊಂಡೇ ಹೋಗಬಹುದು.

ಹೋಗಬಹುದು ಅಂದೆನಷ್ಟೆ, ಆ ಯಂತ್ರ ಬಿಡಬೇಕಲ್ಲ. ಬೇವಿನಮರದ ತನಕ ಹೇಗೋ ಸಾಗುತ್ತಿತ್ತು. ಅಲ್ಲಿಂದ ಚಿತ್ರ ನಿಲ್ಲುವುದು, ಜಿಗಿಯುವುದು, ಮತ್ತೆ ನಿಲ್ಲುವುದು. ಚನ್ನವ್ವನಿಗೆ ತಲೆ ಗಿರ್ರನೆ ತಿರುಗುತ್ತಿತ್ತು. ತವರುಮನೆಯ ಬಾಗಿಲು ಒಂದು ದಿನವೂ ಸಿಗಲಿಲ್ಲ. ಅವಳ ಅವಸರ ಅವಳಿಗೇ ಗೊತ್ತು. ಕಣ್ಣಿನ ನರ ಒಣಗುತ್ತಿದೆ, ಹೋದ ಬೆಳಕು ತಿರುಗಿ ಬರುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿಬಿಟ್ಟಿದ್ದರು.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರೆಹಾನ ಬಂದು ನೋಡಿದ. ಪರದೆಗೆ ಚಿತ್ರ ಬಿಡಿಸಿಕೊಡುವ ಗ್ರಾಫಿಕ್ಸ್ ಕಾರ್ಡು ಹಳೆಯದಾಗಿದೆ, ಹೊಸದು ತರುವ ತನಕ ಇದನ್ನೇ ಓವರ್‌ಕ್ಲಾಕ್ ಮಾಡೋಣ ಅಂದ. ಅಂದರೆ ತಯಾರಿಸಿದವರು ಗೊತ್ತು ಮಾಡಿದ ವೇಗಕ್ಕಿಂತ ತುಸು ಹೆಚ್ಚು ವೇಗದಲ್ಲಿ ಕಾರ್ಡನ್ನು ದುಡಿಸುವುದು. ಕುದುರೆಯ ಹಾಗೆ ಓಡೀತೆಂದು ಆಸೆ ಹಚ್ಚಲಿಲ್ಲ. ವಾರಂಟಿ ಇದ್ದರೆ ಅದು ಹೋಗಬಹುದು ಎಂದೂ ಹೇಳಿದ. ಈ ಕಾರ್ಡಿನದು ಎಂದೋ ಮುಗಿದಿತ್ತು.

ಚನ್ನವ್ವ ಕಂಪ್ಯೂಟರಿಗೆ ಅಡ್ಡ ಬಂದು ನಿಂತಳು.

"ಬ್ಯಾಡ ತಮ್ಮಾ. ಬೈಲಹೊಂಗಲದಾಗ ಯಾರೋ ಹಿಂಗ ಮಾಡಾಕ ಹೋಗಿ ಕಾರ್ಡ ಸುಟ್ಟಕೊಂಡಾರಂತ. ಇದ್ದಷ್ಟು ಊರೂ ಹೋದರ ನಾ ಏನ ನೋಡ್ಲಿ?"

"ಅವರು ಒಮ್ಮಿಗೇ ಏರಿಸ್ಯಾರ ಆಯಿ. ಉರಿ ಒಮ್ಮಿಗೇ ಜೋರ ಮಾಡಿದರ ರೊಟ್ಟಿನೂ ಹೊತ್ತತೈತಿ. ಸ್ವಲ್ಪ ಏರಸೂದು, ಓಡಿಸಿ ನೋಡೂದು, ಕಾವು ನೋಡೂದು. ಅದಕ್ಕೂ ಮೊದಲ ನಿಮ್ಮ ಊರಿಂದು ಇನ್ನೊಂದು ಪ್ರತಿ ತಗದ ಇಡತೇನಿ."

ಹಾಗೇ ಮಾಡಿದ. ಊರನ್ನೆಲ್ಲ ಒಂದು ಸಿಡಿಗೆ ಇಳಿಸಿ ಐಶ್ವರ್ಯಾಳ ಕೈಗೆ ಕೊಟ್ಟ. ಕಂಪ್ಯೂಟರಿನ ವೈರು ಕಿತ್ತು ಪೆಟ್ಟಿಗೆ ಬಿಚ್ಚಿದ. ಒಳಗಿನ ಧೂಳು ನೋಡಿ ಐಶ್ವರ್ಯಾಳಿಗೇ ನಾಚಿಕೆಯಾಯಿತು. ಮೆತ್ತನೆ ಬ್ರಷ್ಷಿನಿಂದ ಅದನ್ನೆಲ್ಲ ಝಾಡಿಸಿ, ಫ್ಯಾನು ಸಲೀಸಾಗಿ ತಿರುಗುವುದನ್ನು ಕಂಡ ಮೇಲೆಯೇ ವೇಗಕ್ಕೆ ಕೈಹಚ್ಚಿದ. ಒಂದಿಷ್ಟು ಏರಿಸುವುದು, ಓಣಿಯಲ್ಲಿ ಅಡ್ಡಾಡುವುದು, ಕಾವು ಎಷ್ಟಾಯಿತೆಂದು ನೋಡುವುದು. ಪರದೆಯ ಮೇಲೆ ಬಿಳಿ ಚುಕ್ಕೆ ಮಿಣುಕಿದ ಕೂಡಲೆ ವೇಗವನ್ನು ತುಸು ಹಿಂದಕ್ಕೆ ತಂದ. ಇದೇ ಈ ಕಾರ್ಡಿನ ಹದ, ಇದರ ಮೇಲೆ ಹೋಗಬಾರದು ಅಂದ. ಹೆಚ್ಚಿಸಿದರೆ ಕಾರ್ಡು ಸುಟ್ಟೀತೆಂದು ವೋಲ್ಟೇಜಿನ ತಂಟೆಗಂತೂ ಹೋಗಲೇ ಇಲ್ಲ. ತಾಳುತ್ತದೋ ಇಲ್ಲವೋ ನೋಡೋಣ ಎಂದು ಓಡಲು ಬಿಟ್ಟು, ಅವನೂ ಐಶ್ವರ್ಯಾಳೂ ಚಹಾ ಕುಡಿಯಲು ಅಂಗಳಕ್ಕೆ ಹೋದರು.

ಚನ್ನವ್ವ ಒಬ್ಬಳೇ ಉಳಿದಳು. ಸಂಕ್ರಾಂತಿಯ ಥಂಡಿ ಗಾಳಿ ಬೀಸುತ್ತಿತ್ತು. ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಪಾಪ, ಚಳಿಗೆ ನರಳುತ್ತಿದೆ ಅನ್ನಿಸಿತು ಆ ತಾಯಿಗೆ. ತನ್ನ ಕೌದಿ ತಂದು ಮಗುವಿಗೆ ಹೊದಿಸುವ ಹಾಗೆ ಹಿಂದೆ ಮುಂದೆ ಬಿಗಿಯಾಗಿ ಹೊದಿಸಿದಳು. ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಬಣ್ಣದ ಪಟ್ಟಿ ಎದ್ದವು. ಆಮೇಲೆ ಎಲ್ಲ ಕಪ್ಪಾಯಿತು.

"ನನ್ನ ಊರು ಎರಡನೇ ಸಲ ಮುಳಗಿತಲ್ಲೋ ಯಪ್ಪಾ," ಎಂದು ಅವಳು ಅಂಗಳಕ್ಕೆ ಕೇಳುವ ಹಾಗೆ ಕೂಗಿಕೊಂಡಳು.

ರೆಹಾನ ಓಡಿ ಬಂದು ಕೌದಿ ಎತ್ತಿದ. ಪೆಟ್ಟಿಗೆ ಕೆಂಡವಾಗಿತ್ತು. ಅವನಿಗೆ ನಗು ಬಂತು, ಅಜ್ಜಿಯ ಮುಖ ನೋಡಿ ನುಂಗಿಕೊಂಡ.

"ಆಯಿ, ಇದಕ್ಕ ಥಂಡಿ ಹತ್ತೂದಿಲ್ಲ, ಧಗಿ ಹತ್ತತೈತಿ. ಗಾಳಿ ಆಡಾಕ ಬಿಡಬೇಕು. ಸುಡಬಾರದಂತ ತಾನ ಬಂದ್ ಆಗೇತಿ, ಅಂಜಬ್ಯಾಡ್ರಿ."

ಆರಲು ಬಿಟ್ಟರು. ಗೋಡೆಯಿಂದ ಗೇಣುದ್ದ ಈಚೆಗೆ ಸರಿಸಿದರು. ಮತ್ತೆ ಚಾಲೂ ಮಾಡಿದಾಗ ಕಾರ್ಡು ತನ್ನ ಹಳೆಯ ವೇಗಕ್ಕೇ ಮರಳಿತ್ತು. ಪೂರಾ ಪರೀಕ್ಷೆ ಮುಗಿಯದೆ ಹೊಸ ವೇಗವನ್ನು ಕಾಯಂ ಮಾಡಬಾರದೆಂದು ರೆಹಾನ ಹಾಗೇ ಬಿಟ್ಟಿದ್ದ. ಮರುದಿನ ಮತ್ತೆ ಅದೇ ಹದಕ್ಕೆ ಏರಿಸಿ ಬೆಳಗಿನಿಂದ ಮಧ್ಯಾಹ್ನದ ತನಕ ಓಡಿಸಿದರೂ ಚುಕ್ಕೆ ಮಿಣುಕಲಿಲ್ಲ, ಕಾವು ಮಿತಿ ಮೀರಲಿಲ್ಲ. ಆಗ ಆ ವೇಗವನ್ನು ಕಾಯಂ ಮಾಡಿದ.

ಸಂಜೆ ಚನ್ನವ್ವ ಪರದೆಯ ಹತ್ತಿರ ಮುಖ ತಂದು ಕೂತಳು. ಓಣಿ ನೀರಿನ ಹಾಗೆ ಸರಿಯತೊಡಗಿತು. ಬೇವಿನಮರ ಹಿಂದಾಯಿತು. ಬಾವಿಕಟ್ಟೆ ಬಂತು, ಹೋಯಿತು. ಅಂಗಾಲಿಗೆ ಆ ಮಣ್ಣಿನ ತಂಪು ತಾಕಿದಂತಾಯಿತು. ತಿರುವಿನಾಚೆ ನೀಲಿ ಬಾಗಿಲು, ಅದರ ಮೇಲೆ ಅವಳ ಅವ್ವ ಕಟ್ಟಿದ ಮಾವಿನ ತೋರಣ.

"ಇಲ್ಲೇ ನಿಂದರವ್ವಾ," ಅಂದಳು ಗುಂಡಿ ಒತ್ತುತ್ತಿದ್ದ ಮೊಮ್ಮಗಳಿಗೆ. "ಇನ್ನ ಅವಸರ ಇಲ್ಲ. ಕಣ್ಣತುಂಬ ನೋಡತೇನಿ."

ಓದುವ ಬಂಧುಗಳೇ, ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಯಾರದೋ ಒಂದು ಊರು ಇದ್ದೀತು. ವೇಗ ಬೇಕೆಂದರೆ ಏರಿಸಿರಿ, ಬೇಡ ಅನ್ನುವವರು ನಾವಲ್ಲ. ಮೊದಲು ಪ್ರತಿ ತೆಗೆದಿಡಿರಿ, ಧೂಳು ಝಾಡಿಸಿರಿ, ಗಾಳಿ ಆಡಲು ಬಿಡಿರಿ. ತುಸುತುಸುವೇ ಏರಿಸಿರಿ, ಚುಕ್ಕೆ ಕಂಡರೆ ಹಟ ಮಾಡದೆ ಹಿಂದೆ ಬನ್ನಿರಿ. ಬಾಗಿಲ ತನಕ ಹೋಗಬೇಕೆಂದು ಯಾರೋ ಕಾದು ಕೂತಿರುತ್ತಾರೆ. ನಿಮ್ಮ ಅವಸರಕ್ಕೆ ಅವರನ್ನು ನಡುದಾರಿಯಲ್ಲಿ ಬಿಡಬೇಡಿರಿ.