ಟೀಚರ್ ಮನೆಯ ಸಿಗ್ನಲ್

"ಲೈನಲ್ಲಿ ಏನೂ ತೊಂದರೆ ಇಲ್ಲ ಮೇಡಂ," ಎಂದ ತಾರಸಿಯಿಂದ ಇಳಿದು ಬಂದ ಮೆಕ್ಯಾನಿಕ್. ಆಂಟೆನಾ ಟವರಿನ ಕಡೆಗೇ ನೆಟ್ಟಗೆ ನಿಂತಿದೆ, ಸಿಗ್ನಲ್ಲೂ ಭರ್ತಿ ಬರುತ್ತಿದೆ. ಹಾಗಾದರೆ ತಿಂಗಳುಗಟ್ಟಲೆ ತನ್ನ ಪಾಠವೇಕೆ ತುಂಡು ತುಂಡಾಗಿ ಹೋಗುತ್ತಿದೆ ಎಂದು ಟೀಚರ್ ಕೇಳಿದಳು. ಅವನು ರೂಟರಿನ ಸೆಟ್ಟಿಂಗ್ ತೆರೆದ. ನೋಡಿದವನೇ ತನ್ನ ಚೀಲ ಕಟ್ಟತೊಡಗಿದ.

ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವುದು ಅವಳ ಕೆಲಸ. ದನಿ ಒಡೆಯುತ್ತದೆ, ಮುಖ ನಿಂತುಬಿಡುತ್ತದೆ ಎಂದು ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು. ಗಂಡ ಇದೇ ಬ್ರಾಡ್‌ಬ್ಯಾಂಡ್ ಕಂಪನಿಯಲ್ಲಿ ಸೂಪರ್‌ವೈಸರ್. ಕೇಳಿದಾಗಲೆಲ್ಲ ಒಂದೊಂದು ಪದ ಎಸೆಯುತ್ತಿದ್ದ: ಇವತ್ತು ಲೇಟೆನ್ಸಿ, ನಾಳೆ ಪ್ಯಾಕೆಟ್ ಲಾಸ್, ಮೋಡ ಕವಿದರೆ ಇಂಟರ್‌ಫಿಯರೆನ್ಸ್. ಹಾಗಂದರೇನು ಎಂದರೆ, ನಿನಗೆ ಅರ್ಥವಾಗುವುದಲ್ಲ ಬಿಡು. ಭಿನ್ನರಾಶಿ ಬಿಡಿಸಿ ಹೇಳುವ ಹೆಂಗಸಿಗೆ ಅಷ್ಟೂ ಅರ್ಥವಾಗದೇ? ಆದರೂ ಪಾಪ, ಕಿವಿಗೆ ಇಟ್ಟ ಹೂವನ್ನೆಲ್ಲ ಮುಡಿದುಕೊಂಡೇ ಕೂತಿದ್ದಳು.

ಇವತ್ತು ಸಂಜೆ ಒಂದು ದೊಡ್ಡ ಶಾಲೆಯವರ ಮುಂದೆ, ಅಲ್ಲಿನ ಮಕ್ಕಳಿಗೆ ಆನ್‌ಲೈನಿನಲ್ಲಿ ಪರೀಕ್ಷಾ ಪಾಠ. ಮೆಚ್ಚಿದರೆ ಕಾಯಂ ಕೆಲಸ. ಹೋದ ಸಲ ನಡುವೆಯೇ ಕಟ್ಟಾಗಿತ್ತು. ಇನ್ನೊಂದೇ ಅವಕಾಶ ಎಂದಿದ್ದರು. ಅದಕ್ಕೇ ಗಂಡನಿಗೆ ಹೇಳದೆ ಕಂಪನಿಗೆ ದೂರು ಕೊಟ್ಟಿದ್ದಳು.

"ಕಂಡದ್ದು ಹೇಳಪ್ಪ," ಎಂದಳು.

"ನಿಮ್ಮ ಲ್ಯಾಪ್‌ಟಾಪಿಗೆ ಮಾತ್ರ ಸ್ಪೀಡ್ ಲಿಮಿಟ್ ಹಾಕಿದೆ ಮೇಡಂ. ಟಿವಿಗಿಲ್ಲ, ಸಾರ್ ಫೋನಿಗಿಲ್ಲ." ಅವನು ತಲೆ ಎತ್ತಲಿಲ್ಲ. "ತಾನಾಗಿ ಆಗೋದಲ್ಲ ಇದು. ಪಾಸ್‌ವರ್ಡ್ ಇರೋರೇ ಹಾಕ್ಬೇಕು."

ಪಾಸ್‌ವರ್ಡ್ ಇದ್ದದ್ದು ಮನೆಯಲ್ಲಿ ಒಬ್ಬನ ಹತ್ತಿರ. ಅವಳ ಪಿತ್ತ ನೆತ್ತಿಗೇರಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಗಂಡನಿಗೆ ಫೋನ್ ಮಾಡಿ, ನೆಟ್ ನಿಧಾನ ಎಂದಷ್ಟೇ ಹೇಳಿದಳು. ಅವನು ಎಂದಿನ ರಾಗ ಶುರುಮಾಡಿದ: ಟವರಿನ ಮೇಲೆ ಲೋಡು, ಬ್ಯಾಂಡ್‌ವಿಡ್ತ್ ಸಾಲದು. ಪೂರ್ತಿ ಮುಗಿಸಲು ಬಿಟ್ಟಳು.

"ನನ್ನ ಲ್ಯಾಪ್‌ಟಾಪಿಗೆ ಲಿಮಿಟ್ ಹಾಕಿದ್ದು ಯಾಕೆ ರೀ?"

ಆ ಕಡೆಯ ದನಿ ಮೆತ್ತಗಾಯಿತು. "ನಿನ್ನ ಒಳ್ಳೇದಕ್ಕೇ ಕಣೇ. ಯಾವಾಗ ನೋಡಿದ್ರೂ ಪಾಠ, ಪಾಠ. ಬೇಜಾರಾಗಿ ನೀನೇ ಬಿಟ್ಬಿಡ್ತೀಯ ಅಂದ್ಕೊಂಡೆ."

ಒಂದೊಂದು ಮಗುವಿನ ತಾಯಿಗೂ ಫೋನ್ ಮಾಡಿ, ತಪ್ಪು ನನ್ನದೇ, ಕ್ಷಮಿಸಿ ಎಂದು ಬೇಡಿಕೊಂಡಿದ್ದಳು. ಪಕ್ಕದಲ್ಲೇ ಕೂತು ಅದನ್ನೆಲ್ಲ ಕೇಳಿಸಿಕೊಂಡಿದ್ದ, ಮಹಾರಾಯ. ಬಾಯಿ ತನಕ ಬಂದ ಬೈಗುಳ ನುಂಗಿ ಫೋನಿಟ್ಟಳು. ಎಲ್ಲ ಅಳಿಸಿ ಹೊಸದಾಗಿ ಮಾಡು ಎಂದು ಮೆಕ್ಯಾನಿಕ್ಕಿಗೆ ಹೇಳಿದಳು. ಸಾರ್ ಬೈತಾರೆ ಎಂದು ಅವನು ಹಿಂದೆಮುಂದೆ ನೋಡಿದ. ನನ್ನ ಹೆಸರು ಹೇಳು ಎಂದಳು. ಹೊಸ ಪಾಸ್‌ವರ್ಡನ್ನು, ಅವನನ್ನು ಆಚೆ ತಿರುಗಿಸಿ, ತಾನೇ ಒತ್ತಿದಳು.

ಸಂಜೆ ಪಾಠ ಅರ್ಧಕ್ಕೆ ಬಂದಿದ್ದಾಗ ಗಂಡ ಬಂದ ಸದ್ದಾಯಿತು. ಟಿವಿ ಹಾಕಿದ, ಹಳೇ ಪಾಸ್‌ವರ್ಡಿಗೆ ಅದು ಮಾತಾಡಲಿಲ್ಲ. ಕೋಣೆಯ ಬಾಗಿಲು ಬಡಿದು ಪಾಸ್‌ವರ್ಡ್ ಕೇಳಿದ, ಮೊದಲು ಪುಸಲಾಯಿಸಿ, ಆಮೇಲೆ ಗದರಿಸಿ. ಸಿಟ್ಟಿನಲ್ಲಿ ಅವಳು ಬೋರ್ಡಿನ ಮೇಲೆ ಎಳೆದ ಗೆರೆ ಸೊಟ್ಟಗಾಯಿತು.

ಪರದೆಯಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. "ಟೀಚರ್, ಯಾರೋ ನಿಮ್ಮ ಬಾಗಿಲು ಬಡೀತಿದಾರೆ."

"ಅಲ್ಲಿಗೂ ಕೇಳಿಸ್ತಿದೆಯಾ?"

"ಹೂಂ ಟೀಚರ್. ಚೆನ್ನಾಗಿ ಕೇಳಿಸ್ತಿದೆ."

ಟೀಚರ್ ಸೊಟ್ಟ ಗೆರೆ ಅಳಿಸಿ, ನೇರವಾಗಿ ಇನ್ನೊಂದು ಎಳೆದು, ಮುಂದಿನ ಲೆಕ್ಕ ಓದತೊಡಗಿದಳು.